ರಾಣಿ ತಲೆಕೆಳಗು

ನೇಪಾಳಗಂಜ್,
ಪುಸ್ ತಿಂಗಳ ಇಪ್ಪತ್ತು

ಬರ್ದಿಯಾದಲ್ಲಿರುವ ನನ್ನ ಮನೆಯವನಿಗೆ ಸೋಮ್ನಿ ಬರೆಯುವುದು.

ಮೊದಲು ಖರ್ಚಿನ ಮಾತು. ಒಂದು ಬೆಳ್ಳಿ ನಾಣ್ಯದ ತೂತು ಮುಚ್ಚಿಸಲು ನೀನು ಅಕ್ಕಸಾಲಿಗೆ ಕೊಟ್ಟದ್ದು ಒಂದು ಹುಂಜ. ಅದಕ್ಕೆ ಮತ್ತೆ ತೂತು ಕೊರೆಸಲು ಇನ್ನೊಂದು ಹುಂಜ. ಅದನ್ನು ನನಗೆ ಮುಟ್ಟಿಸಲು ನಿನ್ನ ತಂಗಿ ಬುಧನಿಯ ಬಸ್ ಚಾರ್ಜು, ದಾರಿಯಲ್ಲಿ ವಾಂತಿಯಾಗಿ ಹಾಳಾದ ಅವಳ ಸೀರೆ. ನಡುವೆ ಎರಡು ಮಾಘಿ ಹಬ್ಬ ನೀನು ಅಲ್ಲಿ, ನಾನು ಇಲ್ಲಿ. ಇದನ್ನು ಯಾವ ಬಾಬ್ತಿಗೆ ಹಾಕಬೇಕೋ ಪಾತ್ರೆ ಅಂಗಡಿ ನಡೆಸುವ ನನಗೇ ತಿಳಿಯಲಿಲ್ಲ.

ಬುಧನಿ ಮೊನ್ನೆ ಮಧ್ಯಾಹ್ನ ಬಂದಳು. "ಅತ್ತಿಗೆ, ಮೊದ್ಲು ನೀರು ಕೊಡು, ಆಮೇಲೆ ಜಗಳ" ಅಂದಳು. ಕುಡಿದು, ಗಂಟು ಬಿಚ್ಚಿ ನಾಣ್ಯವನ್ನು ಗಲ್ಲಾದ ಮೇಲಿಟ್ಟಳು. ಮದುವೆಯಲ್ಲಿ ಅವ್ವ ನನ್ನ ಕೊರಳಿಗೆ ಹಾಕಿದ ಸರದ ನಡುವಿನ ನಾಣ್ಯ, ಬ್ರಿಟಿಷರ ಕಾಲದ ರಾಣಿಯ ಮುಖದ್ದು.

"ಮಾಘಿ ದಿನ ಮನೆಮಂದಿಯೆಲ್ಲ ಕೂತು ವರ್ಷದ ಮಾತು ಮುಗಿಸ್ತಾರಲ್ಲ, ಅಷ್ಟೊತ್ತಿಗೆ ಬಂದ್ರೆ ಬಂದೆ. ಇಲ್ಲಾಂದ್ರೆ ಹಿರೀಕರು ನಿನ್ನ ಮನೆ ಲೆಕ್ಕದಿಂದ ತೆಗೀತಾರಂತೆ. ಬರ್ತೀಯಾ ಅಂತ ಅಣ್ಣ ಕೇಳ್ದ."

"ಅವನೇ ಹೇಳಿದ್ನಾ? ಇಷ್ಟುದ್ದ?"

"ಅವನು ಹೇಳಿದ್ದು 'ಕೇಳ್ಕೊಂಡು ಬಾ' ಅಂತ. ಮಿಕ್ಕಿದ್ದು ಬಸ್ಸಲ್ಲಿ ನಾನೇ ಸೇರಿಸ್ಕೊಂಡೆ."

ನಗು ಬಂತು. ಅಂಗಡಿಯಲ್ಲಿ ಗಿರಾಕಿ ಇದ್ದರು, ನುಂಗಿಕೊಂಡೆ.

ಅವ್ವ ಆ ನಾಣ್ಯದ ಮೇಲೆ ಮೊಳೆಯಿಟ್ಟು ಕಲ್ಲಿನಿಂದ ಬಡಿದದ್ದು ನನಗಿನ್ನೂ ನೆನಪಿದೆ. "ಇನ್ನು ಇದನ್ನ ಯಾವ ಸಾಹುಕಾರನೂ ದುಡ್ಡು ಅನ್ನಲ್ಲ ಕಣೇ. ನಿನ್ನ ಗಂಡನೂ ಅನ್ನಬಾರ್ದು. ಇದು ನಿಂದು" ಅಂದಿದ್ದಳು. ಹಾಗಾಗಿ ನಾನು ಮನೆ ಬಿಟ್ಟ ದಿನ ಪೆಟ್ಟಿಗೆ ತೆರೆದಾಗ ಸರದಿಂದ ಬಿಚ್ಚಿ, ತೂತು ಮುಚ್ಚಿ, ಉಜ್ಜಿ ಹೊಳಪೇರಿಸಿದ ನಾಣ್ಯ ಕಂಡು ನನಗೆ ಹೊಳೆದದ್ದು ಒಂದೇ: ಇವನು ಮಾರಲು ಹೊರಟಿದ್ದಾನೆ. ನಮ್ಮವರಲ್ಲಿ ಯಾವ ಹೆಂಗಸಿಗೂ ಬೇರೆ ಹೊಳೆಯದು. ನೀನು ಗದ್ದೆಯಿಂದ ಬರುವಷ್ಟರಲ್ಲಿ ನಾನು ಬಸ್ಸಿನಲ್ಲಿದ್ದೆ.

ಆಮೇಲೆ ಒಮ್ಮೆ ಇಲ್ಲಿಗೆ ಬಂದೆಯಲ್ಲ, ಅಂಗಡಿ ಎದುರು ಬಹಳ ಹೊತ್ತು ನಿಂತೆ. ಒಂದು ಲೋಟ ಕೊಂಡೆ. ಚೌಕಾಸಿ ಕೂಡ ಮಾಡದೆ ಹೋದೆ.

ಬುಧನಿ ಈಗ ಹೇಳುತ್ತಾಳೆ, ಅವಳ ಮದುವೆಯಲ್ಲಿ ಪೇಟೆಯ ಹೆಂಗಸೊಬ್ಬಳು ನನ್ನ ಕೊರಳು ನೋಡಿ "ತೂತು ಕಾಸು ಕಟ್ಕೊಂಡು ಬಂದಿದಾಳೆ, ಗಂಡ ಒಂದು ನೆಟ್ಟಗಿರೋದು ಕೊಡಿಸಲಾರನಾ?" ಅಂದಳಂತೆ. ನಾನು ಅವಳ ಮೂಗುತಿಯ ಬಗ್ಗೆ ಏನೋ ಅಂದು ಅಲ್ಲಿಗೇ ಮರೆತೆ. ನೀನು ಮರೆಯಲಿಲ್ಲ. ತೂತು ಮುಚ್ಚಿಸಿ, ಮೇಲೊಂದು ಬೆಳ್ಳಿಯ ಕೊಂಡಿ ಹಾಕಿಸಿ, ಮಾಘಿ ದಿನ ಕೊಡಬೇಕೆಂದಿದ್ದೆಯಂತೆ. ಕೊಂಡಿಗೆ ಹುಂಜ ಸಾಲಲಿಲ್ಲ, ಅಷ್ಟರಲ್ಲಿ ನಾನು ಪೆಟ್ಟಿಗೆ ತೆರೆದೆ. ಇಷ್ಟು ಹೇಳಲು ನಿನಗೆ ತಂಗಿ ಬೇಕಾಯಿತೇನಯ್ಯಾ?

ಇಲ್ಲಿ ನನಗೇನೂ ಕಡಿಮೆಯಿಲ್ಲ. ತಲೆಯ ಮೇಲೆ ಪಾತ್ರೆ ಹೊತ್ತು ಬೀದಿ ಸುತ್ತಿದವಳು ಈಗ ಬಾಗಿಲಿರುವ ಅಂಗಡಿಯಲ್ಲಿ ಕೂರುತ್ತೇನೆ. ಊಟದ್ದೊಂದು ತೊಂದರೆ. ಢಿಕ್ರಿ ಕಡುಬಿನ ಅಕ್ಕಿಹಿಟ್ಟನ್ನು ಒಬ್ಬಳಿಗೆಂದು ಕಲಸಲು ಈ ಕೈಗೆ ಬರುವುದೇ ಇಲ್ಲ. ಬೇಯಿಸಿದ್ದರಲ್ಲಿ ಅರ್ಧ ಮಾರನೆಯ ದಿನ ಕಲ್ಲಾಗಿರುತ್ತದೆ. ಕೆಲವು ಸಂಜೆ ಗಿರಾಕಿ ಹೋದ ಮೇಲೂ ತಪ್ಪಲೆಯ ಬೆಲೆ ಹೇಳುತ್ತಲೇ ಇರುತ್ತೇನೆ, ಅಂಗಡಿಯಲ್ಲೊಂದು ದನಿ ಇರಲಿ ಅಂತ.

ಇನ್ನು ನೀನು ಮಾಡಿಸಿದ ಹೊಸ ತೂತು. ಜಾಗ ತಪ್ಪಿದೆ. ನೋಡುವವರಿಗೆ ರಾಣಿ ನೆಟ್ಟಗೆ ಕಾಣಲೆಂದು ಕಿರೀಟದ ಮೇಲೆ ಕೊರೆಸಿದ್ದೀಯ. ಅವ್ವ ಮಾಡಿದ್ದು ರಾಣಿಯ ಕತ್ತಿನ ಕೆಳಗೆ. ಎದುರು ನಿಂತವರಿಗೆ ತಲೆಕೆಳಗು. ಹಾಕಿಕೊಂಡವಳು ತಲೆ ಬಗ್ಗಿಸಿ, ನಾಣ್ಯ ಎತ್ತಿ ನೋಡಿಕೊಂಡರೆ ನೆಟ್ಟಗೆ. ಇಷ್ಟು ವರ್ಷ ನನ್ನ ಎದುರು ಕೂತು ಉಂಡವನು ನೀನು, ನಿನಗೆ ಗೊತ್ತಾಗದ್ದು ಸರಿಯೇ. ಅದು ನನ್ನ ಕಡೆಯಿಂದ ಕಾಣುವ ರಾಣಿ.

ಮಾಘಿಗೆ ಬರುತ್ತೇನೆ. ಅಂಗಡಿ ಮಾತ್ರ ಬಿಡುವುದಿಲ್ಲ, ಅದನ್ನು ಈಗಲೇ ತಿಳಿದುಕೋ. ಹಿರೀಕರ ಮುಂದೆ ನಾಣ್ಯದ ತೂತು ಯಾಕೆ ಮುಚ್ಚಿಸಿದೆಯೆಂದು ನೀನೇ ಬಾಯಿಬಿಟ್ಟು ಹೇಳಬೇಕು. ಬುಧನಿ ಹೇಳಿದರೆ ನಡೆಯುವುದಿಲ್ಲ. ನೀನು ಸುಮ್ಮನೆ ಕೂತರೆ ನಾನು ಅದೇ ಸಂಜೆಯ ಬಸ್ಸಿಗೆ ಹೊರಡುತ್ತೇನೆ.

ಹಬ್ಬದವರೆಗಂತೂ ನಿನ್ನ ಮನೆ ಲೆಕ್ಕದಲ್ಲಿರುವ,
ಸೋಮ್ನಿ

ಮರೆತ ಮಾತು: ನಿನ್ನೆ ಇಲ್ಲಿಯ ಅಕ್ಕಸಾಲಿಯಿಂದ ಅವ್ವನ ತೂತನ್ನು ಮತ್ತೆ ತೆರೆಸಿದೆ. "ನಿಮ್ಮವರು ಕೊರೆಸಿದ್ದನ್ನ ಮುಚ್ಲಾ ಅಕ್ಕಾ?" ಅಂದ. ಬೇಡ ಅಂದೆ. ಹೀಗಾಗಿ ಯಾರಿಗೆ ಏನು ಸಿಕ್ಕಿತೆಂದರೆ: ನಿನ್ನೂರಿನ ಅಕ್ಕಸಾಲಿಗೆ ಎರಡು ಹುಂಜ, ಇಲ್ಲಿಯವನಿಗೆ ನನ್ನ ಅಂಗಡಿಯ ಒಂದು ತಪ್ಪಲೆ. ಬುಧನಿಗೆ ಹೊಸ ಸೀರೆ. ನಾಣ್ಯಕ್ಕೆ ಎರಡು ತೂತು. ನಿನಗೆ ಒಂದು ಲೋಟ. ನನಗೆ, ಕಾಯಿಸಿ ತಟ್ಟಿದಾಗ ಅವ್ವನ ತೂತಿನಿಂದ ಉದುರಿದ, ನೀನು ತುಂಬಿಸಿದ್ದ ಎಳ್ಳಿನಷ್ಟು ಬೆಳ್ಳಿ. ನೀನು ನನಗೆ ಮಾಡಿಸಿದ ಒಡವೆ ಅದೊಂದೇ. ಸೆರಗಿನ ಗಂಟಿನಲ್ಲಿದೆ.