‘ಇದ್ದರೂ’ ಎಂಬ ಪದದ ಬಗ್ಗೆ ಜನರಲ್ ಮಗಳ ತಕರಾರು

ಯುದ್ಧ ಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ನಿಮ್ಮ ಹೊಸ ವಿಭಾಗದಲ್ಲಿ ನಮ್ಮಪ್ಪನ ಆಳೆತ್ತರದ ಚಿತ್ರದ ಕೆಳಗೆ ಒಂದು ಹಿತ್ತಾಳೆ ಫಲಕವಿದೆ. ‘ಸ್ವಂತ ಮಗ ಎದುರು ದಡದಲ್ಲಿದ್ದರೂ ಈ ಜನರಲ್ ಹಿಂದೆ ಸರಿಯಲಿಲ್ಲ’ ಎಂದು ಅದರಲ್ಲಿ ಕೆತ್ತಿಸಿದ್ದೀರಿ. ಆ ‘ಇದ್ದರೂ’ ಸುಳ್ಳು. ಉದ್ಘಾಟನೆಗೆ ಮುಂಚೆ ಅದನ್ನು ತೆಗೆಸಿ ಎಂದು ನಿಮ್ಮ ಕಚೇರಿಗೆ ಬಂದು ಹೇಳಿದೆ, ಫೋನಿನಲ್ಲೂ ಹೇಳಿದೆ. ಕಚೇರಿಯಲ್ಲಿ ಟೀ ಕೊಟ್ಟಿರಿ. ಫಲಕ ಹಾಗೇ ಇದೆ. ಆದ್ದರಿಂದ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಮಿಕ್ಕದ್ದರ ಬಗ್ಗೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ರೈಲ್ವೆ ಗೇಟು ಕಾಯುವವರ ಮಗ ಸೈನ್ಯಕ್ಕೆ ಸೇರಿದ್ದು, ಮೊದಲ ಯುದ್ಧದಲ್ಲಿ ತೊಡೆಗೆ ಗುಂಡು ತಿಂದದ್ದು, ಎಲ್ಲ ನಿಜ. ಗಾಜಿನ ಪೆಟ್ಟಿಗೆಯಲ್ಲಿ ‘ಜನರಲ್ ಧರಿಸಿದ್ದ ಬೂಟು’ ಎಂದು ಇಟ್ಟಿದ್ದೀರಲ್ಲ, ಅದು ಅಮ್ಮ ತೋಟದ ಕೆಲಸಕ್ಕೆ ಹಾಕುತ್ತಿದ್ದದ್ದು. ಅಪ್ಪನ ಕಾಲು ಅದರೊಳಗೆ ಅರ್ಧವೂ ಹೋಗುತ್ತಿರಲಿಲ್ಲ. ಹೋಗಲಿ ಬಿಡಿ, ಬೂಟು ಯಾರದ್ದಾದರೇನು. ಆದರೆ ಅದೇ ಮೊದಲ ಯುದ್ಧದಲ್ಲಿ, ಕ್ಯಾಪ್ಟನ್ ಆಗಿದ್ದಾಗ, ಅಪ್ಪ ಒಂದು ಗುಡ್ಡ ಬಿಟ್ಟು ತನ್ನ ಹುಡುಗರನ್ನೆಲ್ಲ ಜೀವಸಹಿತ ಕೆಳಗಿಳಿಸಿಕೊಂಡು ಬಂದಿದ್ದರು. ಅದಕ್ಕೆ ಸಿಕ್ಕಿದ ಬಹುಮಾನ ‘ಓಡಿಬಂದವನು’ ಎಂಬ ಅಡ್ಡಹೆಸರು. ಅದರ ಬಗ್ಗೆ ನಿಮ್ಮ ಅಷ್ಟುದ್ದದ ಗೋಡೆಯ ಮೇಲೆ ಒಂದು ಮಾತೂ ಇಲ್ಲ. ಬದುಕಿ ಉಳಿದ ಜೀವಗಳನ್ನು ಮೊಳೆ ಹೊಡೆದು ತೂಗುಹಾಕಲು ಆಗುವುದಿಲ್ಲವಲ್ಲ, ಪಾಪ, ನೀವಾದರೂ ಏನು ಮಾಡೀರಿ?

ಇನ್ನು ನದಿಯ ವಿಷಯ. ಎರಡನೆಯ ಯುದ್ಧದಲ್ಲಿ ನದಿಯ ಕಡೆಯ ಇಡೀ ಸೈನ್ಯ ಅಪ್ಪನ ಕೈಯಲ್ಲಿತ್ತು. ಅಣ್ಣ ಅದರಲ್ಲೇ ಹೊಸ ಅಧಿಕಾರಿ. ‘ಅಪ್ಪನ ಕೈಕೆಳಗೆ ಮಾತ್ರ ಬೇಡಪ್ಪ, ಮನೇಲಿ ಬೈಸ್ಕೊಂಡಿದ್ದೇ ಸಾಕು’ ಎಂದು ನಗುತ್ತಲೇ ಹೋಗಿದ್ದ. ಅವನ ತುಕಡಿ ಎದುರು ದಡದಲ್ಲಿ ಸಿಕ್ಕಿಬಿತ್ತು. ಸೇತುವೆ ಮಧ್ಯಾಹ್ನದವರೆಗೂ ನಿಂತಿತ್ತು. ವಾಪಸ್ ಕರೆಸುವ ಅಧಿಕಾರ ಅಪ್ಪನದೇ. ಕರೆಸಲಿಲ್ಲ. ಸೇತುವೆ ಬಿತ್ತು, ಆ ದಡದಿಂದ ಯಾರೂ ಬರಲಿಲ್ಲ. ಯುದ್ಧ ಗೆದ್ದೆವು. ಅಪ್ಪನಿಗೆ ಪದಕ ಬಂತು, ಭುಜದ ಮೇಲೆ ಇನ್ನೊಂದು ನಕ್ಷತ್ರ ಬಂತು. ಮಗನನ್ನೇ ದೇಶಕ್ಕೆ ಕೊಟ್ಟ ಮಹಾನುಭಾವ ಎಂದು ಶಾಲೆ ಶಾಲೆಗೂ ಭಾಷಣಕ್ಕೆ ಕರೆದರು. ಅಪ್ಪ ಒಂದಕ್ಕೂ ಹೋಗಲಿಲ್ಲ. ಬಿಂಕ ಎಂದುಕೊಂಡರು ಜನ.

ಅಪ್ಪ ತೀರಿಕೊಂಡ ವರ್ಷ, ಒಂದು ಬೆಳಿಗ್ಗೆ ಅವರು ಇಸ್ತ್ರಿ ಮಾಡುತ್ತಿದ್ದರು. ಅವರ ಅಂಗಿಗೆ ಬೇರೆಯವರು ಕೈ ಹಚ್ಚುವಂತಿರಲಿಲ್ಲ. ನಾನು ಪಕ್ಕದಲ್ಲಿ ಬಟ್ಟೆ ಮಡಚುತ್ತಾ, ಏನೋ ಮಾತಿಗೆ, ‘ಅಪ್ಪ, ಅಣ್ಣ ಆ ಕಡೆ ಇಲ್ದೇ ಇದ್ದಿದ್ರೆ ಏನ್ಮಾಡ್ತಿದ್ರಿ?’ ಎಂದು ಕೇಳಿದೆ.

‘ಎಲ್ಲಾರ್ನೂ ಕರೆಸ್ಕೊಂಡುಬಿಡ್ತಿದ್ದೆ,’ ಎಂದರು, ಕಾಲರ್ ತಿರುಗಿಸುತ್ತಾ. ‘ಬೆಳಿಗ್ಗೇನೇ. ಆ ದಡ ಇಟ್ಕೊಂಡು ಆಗ್ಬೇಕಾದ್ದು ಏನೂ ಇರ್ಲಿಲ್ಲ.’

‘ಮತ್ತೆ?’

‘ಅವನಿದ್ನಲ್ಲಮ್ಮ. ಮಗನ್ನ ಉಳಿಸ್ಕೊಳ್ಳೋಕೆ ಮತ್ತೆ ಓಡ್ಬಂದ ಅಂತಿರ್ಲಿಲ್ವಾ? ನಾಲ್ಕು ಜನ ಏನಂತಾರೆ, ಹೇಳು.’

ಪ್ಲಗ್ ಕಿತ್ತರು, ಅಂಗಿ ಹಾಕಿಕೊಂಡು ತಿಂಡಿಗೆ ಕೂತರು. ನಾನೂ ಕೂತೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಈಗಲೂ ಬರುತ್ತಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಮರಗಟ್ಟುತ್ತದಲ್ಲ, ಒಳಗೆಲ್ಲ ಹಾಗೆ ಆಗಿದೆ. ಕಾಫಿ ತುಟಿಯಿಂದ ಸೋರಿದರೂ ತಿಳಿಯುವುದಿಲ್ಲ.

ಆದ್ದರಿಂದ, ಮಾನ್ಯರೇ, ‘ಮಗನಿದ್ದರೂ’ ಅಲ್ಲ, ‘ಮಗನಿದ್ದುದರಿಂದ’. ವ್ಯಾಕರಣ ಬಲ್ಲವರು ನೀವು, ವ್ಯತ್ಯಾಸ ವಿವರಿಸಬೇಕಿಲ್ಲ. ಆ ದಡದಲ್ಲಿದ್ದ ಪರರ ಮಕ್ಕಳು ಸತ್ತದ್ದು ನಮ್ಮ ಮನೆಯ ಮರ್ಯಾದೆ ಉಳಿಸಲು. ಇದನ್ನು ಫೋನಿನಲ್ಲಿ ಹೇಳಿದಾಗ ನೀವು ಏನಂದಿರಿ, ನೆನಪಿದೆಯೇ? ‘ಮೇಡಂ, ನಿಜಾನೇ ಇರಬಹುದು. ಆದ್ರೆ ಇದನ್ನೆಲ್ಲ ಹಾಕಿದ್ರೆ ನಾಲ್ಕು ಜನ ಏನಂತಾರೆ?’ ಯಾರು ಸ್ವಾಮಿ ಆ ನಾಲ್ಕು ಜನ? ಎಲ್ಲಿರುತ್ತಾರೆ? ಯುದ್ಧದಲ್ಲಿ ಸೇನಾಪತಿಗೆ ಅಪ್ಪಣೆ ಕೊಡುವವರು, ಶಾಂತಿಕಾಲದಲ್ಲಿ ಸಂಗ್ರಹಾಲಯದ ನಿರ್ದೇಶಕರಿಗೂ ಅಪ್ಪಣೆ ಕೊಡುವವರು! ದಯವಿಟ್ಟು ಅವರ ವಿಳಾಸ ಕೊಡಿ. ಮುಂದಿನ ದೂರನ್ನು ನೇರ ಅವರಿಗೇ ಕಳಿಸುತ್ತೇನೆ, ನಿಮಗೆ ಟೀ ಖರ್ಚಾದರೂ ಉಳಿಯಲಿ.

ನಮ್ಮ ಬೀದಿಯ ಕೊನೆಯಲ್ಲಿ ಹೊಲಿಗೆಯಂಗಡಿ ಇಟ್ಟುಕೊಂಡಿರುವ ಒಬ್ಬ ತಾಯಿ ಇದ್ದಾರೆ. ಅವರ ಒಬ್ಬನೇ ಮಗ ಅಣ್ಣನ ತುಕಡಿಯಲ್ಲಿದ್ದ. ಇಷ್ಟು ವರ್ಷವೂ ನನ್ನನ್ನು ಕಂಡಾಗಲೆಲ್ಲ, ‘ನಿಮ್ಮಪ್ಪ ಸ್ವಂತ ಮಗನ್ನೇ ಕೊಟ್ರು, ನಮ್ದೇನು ಮಹಾ’ ಎನ್ನುತ್ತಿದ್ದರು. ಆ ಮಾತು ಹಿಡಿದುಕೊಂಡೇ ಆಕೆ ದಿನ ನೂಕಿದ್ದಾರೆ. ನಿಮ್ಮ ಉದ್ಘಾಟನೆಗೆಂದು ಹೊಸ ಬಟ್ಟೆ ಹೊಲಿದುಕೊಳ್ಳುತ್ತಿರುವುದನ್ನು ಹೋದ ವಾರ ಕಂಡು ನನಗೆ ತಡೆಯಲಾಗಲಿಲ್ಲ. ಕೂತು ಎಲ್ಲ ಹೇಳಿಬಿಟ್ಟೆ. ಹೇಳಬಾರದಿತ್ತೋ ಏನೋ.

ಆಕೆ ಮಿಷನ್ನಿನ ಚಕ್ರವನ್ನು ಅಂಗೈಯಿಂದ ಹಿಡಿದು ನಿಲ್ಲಿಸಿದರು. ‘ಅಂದ್ರೆ, ಕರೆದಿದ್ರೆ ಬರ್ತಿದ್ನಾ?’

‘ಬರ್ತಿದ್ದ, ಅಮ್ಮ.’

‘ಸೇತುವೆ ಇತ್ತಾ? ನಡ್ಕೊಂಡೇ ಬರಬಹುದಿತ್ತಾ?’

‘ಇತ್ತು.’

ಆಕೆ ಅರ್ಧ ಹೊಲಿದ ತೋಳನ್ನು ಮಿಷನ್ನಿನಿಂದ ಬಿಡಿಸಿ, ಮಡಚಿ ಪಕ್ಕಕ್ಕಿಟ್ಟರು.

ರಿಬ್ಬನ್ ಕತ್ತರಿಸಲು ನನ್ನನ್ನು ಕರೆದಿದ್ದೀರಿ. ಬರುವುದಿಲ್ಲ. ಫಲಕ ಬದಲಿಸಿ. ಬದಲಿಸುವುದೇ ಇಲ್ಲವೆಂದಾದರೆ, ಆ ತಾಯಿಯನ್ನು ಮೊದಲ ಸಾಲಿನಲ್ಲಿ ಕೂರಿಸಿ, ಅವರ ಮುಖ ನೋಡುತ್ತಾ, ಅದರಲ್ಲಿ ಬರೆದದ್ದನ್ನು ನೀವೇ ಗಟ್ಟಿಯಾಗಿ ಓದಿ. ಓದಿ ಮುಗಿಸಿದ ಮೇಲೆ ಆಕೆ ನನ್ನನ್ನು ಕೇಳಿದ್ದನ್ನೇ ನಿಮ್ಮನ್ನೂ ಕೇಳುತ್ತಾರೆ. ಏನು ಹೇಳುತ್ತೀರಿ ಎಂದು ಈಗಲೇ ಯೋಚಿಸಿಟ್ಟುಕೊಳ್ಳಿ.

ಇಂತಿ,
ಈ ದಡದಲ್ಲಿ ಉಳಿದುಹೋದ
ಜನರಲ್ ಮಗಳು