ಮಾಸ್ಟರು ಕಟ್ಟಿಕೊಟ್ಟ ಕೋಣೆ

ಜುಲೈ 12, ಭಾನುವಾರ

ಪ್ರೀತಿಯ ಅಕ್ಕನಿಗೆ,

ಪುಟ್ಟಿಯ ನಮಸ್ಕಾರ. ನಿನ್ನ ಕಾಗದ ಬಂದು ಯಾವ ಕಾಲವಾಯಿತೋ. ಉತ್ತರ ಬರೆಯಲಿಲ್ಲವೆಂದು ಬಯ್ಯಬೇಡ. ಬಯ್ಯಲೇಬೇಕಿದ್ದರೆ ಪೂರ್ತಿ ಓದಿದ ಮೇಲೆ ಬಯ್ಯಿ. ಅಮ್ಮನ ಮಂಡಿನೋವು ಈಗ ವಾಸಿ, ಮೆಟ್ಟಿಲು ಹತ್ತುತ್ತಾಳೆ. ಭಾವನ ಹೊಸ ಅಂಗಡಿ ಹೇಗೆ ನಡೆದಿದೆ?

ನಾನು ಸುಮ್ಮನೆ ಕೂತಿರಲಿಲ್ಲ. ಮನೆಯಲ್ಲೇ ಒಂದು ಪುಟ್ಟ ಸ್ಟುಡಿಯೋ ಆಗಿದೆ. ಕಟ್ಟಿದವರು ಮಾಸ್ಟರು. ಅಮ್ಮ ಅವರನ್ನು ಮದುವೆಯಾಗಿ ಇಷ್ಟು ವರ್ಷವಾದರೂ ನಿನ್ನ ಬಾಯಲ್ಲಿ ಅವರು ಮಾಸ್ಟರೇ. ಅದಕ್ಕೇ ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ಆದದ್ದು ಇಷ್ಟು. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬರುವ ಒಬ್ಬ ಹೆಂಗಸು ಕಿರುಚಿತ್ರ ತೆಗೆಯುತ್ತಾರೆ. ನಾನು ಗಿಟಾರ್ ನುಡಿಸುತ್ತೇನೆಂದು ತಿಳಿದು ತಮ್ಮ ಚಿತ್ರಕ್ಕೊಂದು ಟ್ಯೂನ್ ಕೇಳಿದರು. ಬಾಡಿಗೆ ಸ್ಟುಡಿಯೋಗೆ ಹೋದೆ. ಗಾಜಿನಾಚೆ ಕೂತ ರೆಕಾರ್ಡಿಂಗಿನವನು ಶುರುಮಾಡು ಎಂದು ಕೈ ಎತ್ತಿದ್ದೇ ತಡ, ನನ್ನ ಬೆರಳುಗಳು ಮರಗಟ್ಟಿದವು. ಇನ್ನೊಂದು ದಿನ ಹೋದರೂ ಅದೇ ಕಥೆ. ಮನೆಗೆ ಬಂದವಳು ಗೋಡೆ ಕಡೆ ತಿರುಗಿ ಮಲಗಿಬಿಟ್ಟೆ.

"ಹೋಗ್ಲಿ ಬಿಡು, ಹೊಟ್ಟೆಪಾಡಿಗೆ ಕೆಲಸ ಇದೆಯಲ್ಲ" ಅಂದಳು ಅಮ್ಮ.

ಮಾಸ್ಟರು ಬಾಗಿಲಲ್ಲೇ ನಿಂತು, "ಅಲ್ಲ ಪುಟ್ಟಿ, ಅಡುಗೆಮನೆ ಪಕ್ಕ ಕೂತು ನುಡಿಸುವಾಗ ನಿನ್ನ ಕೈ ಒಂದಿನಾನೂ ತಡವರಿಸಿಲ್ಲ. ತಪ್ಪು ಕೈಯದ್ದಲ್ಲ, ಜಾಗದ್ದು. ಜಾಗ ಇಲ್ಲೇ ಮಾಡೋಣ" ಅಂದರು.

ಮಾರನೆಯ ದಿನ ಅವರ ಹೊಲಿಗೆ ಕೋಣೆ ಖಾಲಿ. ಕಾರಿನ ಸೀಟು, ಸೋಫಾದ ಕವರು ಹೊಲಿಯುವ ಆ ದೊಡ್ಡ ಮೆಷಿನ್ನು ವರಾಂಡಕ್ಕೆ ಬಂದಿತ್ತು. "ಬೆಳಕಲ್ಲಿ ಹೊಲಿದ್ರೆ ಕಣ್ಣಿಗೆ ಒಳ್ಳೇದು" ಅಂದರು. ಮಧ್ಯಾಹ್ನದ ಬಿಸಿಲು ಬೆನ್ನು ಸುಡುವ ವಿಷಯ ಎತ್ತಲೇ ಇಲ್ಲ.

ಮೊದಲು ಒಂದು ಎಡವಟ್ಟೂ ಆಯಿತು. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಮಾತು ಕೇಳಿ ಗೋಡೆ ತುಂಬ ಮೊಟ್ಟೆಯ ಟ್ರೇ ಅಂಟಿಸಿದರು. ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಮೊದಲಿನ ಹಾಗೇ ಖಣಖಣ. "ಇನ್ನು ಕೋಳಿ ತಂದ್ರೆ ಮುಗೀತು" ಅಂದಳು ಅಮ್ಮ. ಮಾಸ್ಟರು ನಕ್ಕು ಎಲ್ಲವನ್ನೂ ಕಿತ್ತರು. ಮರದ ಚೌಕಟ್ಟುಗಳಿಗೆ ಹಳೇ ಸೋಫಾಗಳ ಹತ್ತಿಯನ್ನು ಒತ್ತಾಗಿ ತುಂಬಿ, ಮೇಲೆ ಬಟ್ಟೆ ಬಿಗಿದು, ಗೋಡೆಗೆ ತಾಗದಂತೆ ತೂಗುಹಾಕಿದರು. ಮತ್ತೆ ಚಪ್ಪಾಳೆ ತಟ್ಟಿದೆ. ಸದ್ದು ಎದ್ದಲ್ಲೇ ಕೂತಿತು.

ಮೈಕು, ಹೆಡ್‌ಫೋನು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆ, ಇವು ನನ್ನ ಪಾಲಿನ ಕೆಲಸ. ಮೈಕನ್ನು ಗಿಟಾರಿನ ಬಾಯಿಗೇ ಹಿಡಿದರೆ ಖಾಲಿ ಡಬ್ಬದ ಹಾಗೆ ಗುಂಯ್‌ಗುಡುತ್ತಿತ್ತು. ನಾನು ನುಡಿಸುತ್ತಿದ್ದರೆ ಮಾಸ್ಟರು ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ, ಮೈಕನ್ನು ಇಷ್ಟಿಷ್ಟೇ ಸರಿಸುತ್ತಾ ಹೋದರು. ಕೊನೆಗೆ ಗಿಟಾರಿನ ಕತ್ತು ಒಡಲಿಗೆ ಸೇರುವ ಕಡೆ ನಿಲ್ಲಿಸಿ, "ಈಗ ನೋಡು, ಮರ ಮಾತಾಡ್ತಿದೆ" ಅಂದರು.

ರೆಕಾರ್ಡಿಂಗ್ ದಿನ ಫ್ರಿಜ್ ಬಂದ್, ಫ್ಯಾನ್ ಬಂದ್, ಅಮ್ಮನ ಕೆಮ್ಮೂ ಬಂದ್. "ನನ್ನ ಮನೇಲಿ ಉಸಿರಾಡೋಕೂ ಅಪ್ಪಣೆ ಬೇಕಾ" ಎಂದು ಗೊಣಗಿದವಳು ತಾನೇ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಓಡಾಡಿದಳು. ಮಾಸ್ಟರು ಬಾಗಿಲಾಚೆ ಸ್ಟೂಲು ಹಾಕಿ ಕೂತರು. ಸಿಲಿಂಡರ್ ತಂದವನನ್ನು ಬೀದಿಯಲ್ಲೇ ತಡೆದು, ತಾವೇ ಹೊತ್ತು ತಂದು, ಮಗುವನ್ನು ಮಲಗಿಸಿದಂತೆ ನೆಲಕ್ಕಿಳಿಸಿದರಂತೆ. ನನಗೊಂದೂ ಕೇಳಿಸಲಿಲ್ಲ. ಆಚೆ ಅವರು ಕೂತಿದ್ದಾರೆ ಅನ್ನುವುದಷ್ಟೇ ಗೊತ್ತಿತ್ತು. ಬೆರಳು ಮರಗಟ್ಟಲಿಲ್ಲ ಅಕ್ಕ. ಎಲ್ಲೂ ನಿಲ್ಲದೆ ಕೊನೆ ಮುಟ್ಟಿಸಿದೆ.

ಟ್ಯೂನ್ ಕೇಳಿದ ಆ ಹೆಂಗಸು, "ಇದನ್ನೇ ಹಾಕ್ಕೋತೀನಿ. ಯಾವ ಸ್ಟುಡಿಯೋ ಇದು?" ಅಂದರು. "ನಮ್ಮನೇದು, ಅಪ್ಪ ಮಾಡಿದ್ದು" ಅಂದೆ. ಬಾಯಿಗೆ ಹಾಗೇ ಬಂತು.

ಅಮ್ಮ ನಿಮ್ಮೆಲ್ಲರಿಗೂ ಆಶೀರ್ವಾದ ಹೇಳಿದ್ದಾಳೆ. ಪಾಪುವಿಗೆ ನನ್ನದೊಂದು ಮುತ್ತು. ಕೆಲಸ ಕೆಲಸ ಅಂತ ಊಟ ತಪ್ಪಿಸಬೇಡ.

ನಿನ್ನ
ಪುಟ್ಟಿ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಮನಸ್ಸು ಕೇಳಲಿಲ್ಲ. ಮೈಕು ಹೊಂದಿಸಿದ ದಿನ, ನಾನೂ ಒಮ್ಮೆ ಹೆಡ್‌ಫೋನಿನಲ್ಲಿ ಕೇಳೋಣವೆಂದು ಗಿಟಾರನ್ನು ಮಾಸ್ಟರ ಮಡಿಲಲ್ಲಿ ಇಡಲು ಹೋದೆ. ಸುಮ್ಮನೆ ಒಂದು ತಂತಿ ಮೀಟಿ, ಸಾಕು ಅಂದೆ. ಅವರು ಎರಡೂ ಕೈ ಹಿಂದಕ್ಕೆ ತೆಗೆದುಕೊಂಡರು.

"ಬೇಡಮ್ಮ. ನಾನು ಈ ಮನೆಗೆ ಬಂದ ಹೊಸದರಲ್ಲಿ ಇದರ ಧೂಳು ಒರೆಸೋಕೆ ಹೋಗಿದ್ದೆ. ನಿಮ್ಮಕ್ಕ ಓಡಿ ಬಂದು, ಇದು ನಮ್ಮಪ್ಪಂದು, ನೀವು ಮುಟ್ಬೇಡಿ ಅಂದ್ಲು. ಆಮೇಲೆ ಮುಟ್ಟಿಲ್ಲ."

"ಅವಳು ಆಗ ಚಿಕ್ಕವಳು. ಈಗ ನೆನಪೂ ಇರಲಿಕ್ಕಿಲ್ಲ" ಅಂದೆ.

"ಇರಬಹುದು. ಆದ್ರೂ ಅಪ್ಪನ್ನ ಕಳ್ಕೊಂಡ ಮಗು ಆಡಿದ ಮಾತು ಅದು. ನಾನಾಗಿ ಮೀರಬಾರ್ದು."

ಬೇಸರದಿಂದ ಹೇಳಲಿಲ್ಲ ಅಕ್ಕ, ನಿನ್ನ ಮೇಲಿನ ಗೌರವದಿಂದ ಹೇಳಿದರು. ಅವರಿಗೆ ನುಡಿಸಲು ಬರುವುದಿಲ್ಲ. ಆದರೂ ನೀನು ಊರಿಗೆ ಬಂದಾಗ ಒಂದು ಸಲ ಆ ಗಿಟಾರನ್ನು ನೀನೇ ಎತ್ತಿ ಅವರ ಕೈಗೆ ಕೊಡು.