ಇಬ್ಬರಿಗೂ ಬೇಕಾದ ಇಂಜೆಕ್ಷನ್

ಮೇ ೨೭, ಸೋಮವಾರ

ಪ್ರೀತಿಯ ಮಗನಿಗೆ ಅಮ್ಮನ ಆಶೀರ್ವಾದ.

ನಾವಿಬ್ಬರೂ ಕ್ಷೇಮ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ತಡವಾಯಿತು. ಶಾಲೆ ಶುರುವಾಗುವ ಕಾಲ, ಹೊಲಿಗೆ ಮಿಷನ್ ಮೇಲೆ ಸಮವಸ್ತ್ರಗಳ ರಾಶಿ ಬಿದ್ದಿದೆ ಎಂಬುದೂ ನಿಜ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ದನಿ ಸ್ವಲ್ಪ ಏರಿದರೆ ನಿನಗೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ತೊಂದರೆ ಇಲ್ಲ.

ನಿನ್ನ ಹೆಂಡತಿಗೆ ಈಗ ಐದು ತಿಂಗಳು. ಬಸಿರಿನ ತಪಾಸಣೆಗೆ ನಾನೇ ಕರೆದುಕೊಂಡು ಹೋಗಿದ್ದೆ. ರಕ್ತದಲ್ಲಿ ಸಿಫಿಲಿಸ್ ಇದೆ ಎಂದರು. ಹೌದು, ಹೆಸರು ಹಿಡಿದೇ ಬರೆಯುತ್ತಿದ್ದೇನೆ. ನರ್ಸಮ್ಮ ನನ್ನನ್ನು ಹೊರಗೆ ಕಳಿಸಲು ನೋಡಿದರೆ ಇವಳು ಕೈ ಬಿಡದೆ, ಅತ್ತೆ ಇರಲಿ ಎಂದಳು. ಗಾಬರಿ ಬೇಡ, ಹೊತ್ತಿಗೆ ಸರಿಯಾಗಿ ಬಂದಿದ್ದೀರಿ, ವಾರಕ್ಕೊಂದರಂತೆ ಮೂರು ಪೆನಿಸಿಲಿನ್ ಇಂಜೆಕ್ಷನ್ ಹಾಕಿಸಿಕೊಂಡರೆ ಮಗುವಿಗೆ ದಾಟದಂತೆ ತಡೆಯಬಹುದು ಎಂದರು ನರ್ಸಮ್ಮ. ಮೂರೂ ಆಯಿತು. ಸೊಂಟ ಹಿಡಿದುಕೊಂಡು ಮನೆಗೆ ಬಂದರೂ ಹುಡುಗಿ ಒಮ್ಮೆಯೂ ಗೊಣಗಲಿಲ್ಲ.

ಗೊಣಗಿದವನು ನೀನು. ಗಂಡನಿಗೂ ಪರೀಕ್ಷೆ, ಔಷಧಿ ಆಗಲೇಬೇಕು, ಇಲ್ಲದಿದ್ದರೆ ನೀನು ಬಂದುಹೋದ ಮೇಲೆ ತನಗೆ ಮತ್ತೆ ಅಂಟಬಹುದು ಎಂದು ಅವಳು ಫೋನಿನಲ್ಲಿ ಹೇಳಿದರೆ, "ನಿಂಗೆ ಹಾಕಾಯ್ತಲ್ಲ, ಮನೆಗೆ ಅಷ್ಟು ಸಾಕು" ಎಂದೆಯಂತೆ. ಇದೇನು ಗೋಡೆಗೆ ಸುಣ್ಣ ಹೊಡೆಸುವುದೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅದೂ ಸಾಲದೆ, ಇದನ್ನು ಎಲ್ಲಿಂದ ತಂದೆ ಎಂದು ಅವಳನ್ನೇ ಕೇಳಿದೆಯಂತೆ. ಬಟ್ಟೆ ಒಗೆಯುವ ನೆವದಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಬಾಯಿ ಬಿಡಿಸುವಷ್ಟರಲ್ಲಿ ಸಂಜೆಯಾಯಿತು. ಕೇಳಿ ನನಗೆ ಮೈಯೆಲ್ಲ ಉರಿಯಿತು. ಮದುವೆಯಾದಂದಿನಿಂದ ನನ್ನ ಕಣ್ಣೆದುರಿಗಿರುವವಳು ಅವಳು, ವರ್ಷದ ಮುಕ್ಕಾಲು ಪಾಲು ಹೊರಗಿರುವವನು ನೀನು. ನಾವು ಯಾರೂ ನಿನ್ನನ್ನು ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ನೀನೇ ಹೆಗಲು ಮುಟ್ಟಿ ನೋಡಿಕೊಂಡೆ.

ಆಸ್ಪತ್ರೆಯವರಿಗೆ ನಿನ್ನ ಕಥೆ ಬೇಡ, ರಕ್ತ ಸಾಕು. ಅಷ್ಟೆತ್ತರದಲ್ಲಿ ಕೂತು ಕ್ರೇನ್ ಓಡಿಸುವವನಿಗೆ ಒಂದು ಸೂಜಿ ಹೆಚ್ಚಾಯಿತೇ?

ರಜೆಗೆ ಬರುವ ಮೊದಲು ಅಲ್ಲೇ ತೋರಿಸಿಕೊಂಡು ಬಾ. ಇಲ್ಲವೇ ಬಸ್ಸಿಳಿದು ನೇರ ಇಲ್ಲಿಯ ಆಸ್ಪತ್ರೆಗೆ ನಡೆ, ನಾನೂ ಜೊತೆಗೆ ಬರುತ್ತೇನೆ. ಡಾಕ್ಟರು ಸರಿ ಎನ್ನುವವರೆಗೆ ನಿನ್ನ ಹಾಸಿಗೆ ನನ್ನ ಮಿಷನ್ ಪಕ್ಕದಲ್ಲಿ. ಮಗನೆಂದು ಊಟ ಬಡಿಸುತ್ತೇನೆ, ಅವಳ ಕೋಣೆಯ ಬಾಗಿಲು ಮಾತ್ರ ನಾನು ಕಾಯುತ್ತೇನೆ.

ಮೈ ಕಡೆ ನೋಡಿಕೋ. ನಿಮ್ಮ ಮೂವರಿಗೂ ಒಳ್ಳೆಯದಾಗಲಿ.

ನಿನ್ನ ಅಮ್ಮ

ವಿ.ಸೂ.: ನಿನಗಿಂತ ಮೊದಲು ನನಗೊಂದು ಹೆಣ್ಣು ಮಗು ಹುಟ್ಟಿ ಹೋಗಿದ್ದು ನಿನಗೆ ಗೊತ್ತು. ಹೇಗೆ ಹೋಯಿತೆಂದು ಹೇಳಿರಲಿಲ್ಲ. ಮೂಗು ಕಟ್ಟಿ ಹಾಲು ಚೀಪಲು ಆಗುತ್ತಿರಲಿಲ್ಲ, ಅಂಗೈ ಅಂಗಾಲು ಸುಲಿದುಹೋಗಿತ್ತು. ಹೆತ್ತವಳ ಮೈಯೇ ಸರಿಯಿಲ್ಲ ಎಂದರು ಎಲ್ಲರೂ. ನಿಮ್ಮಪ್ಪ ಸುಮ್ಮನೆ ಕೇಳಿಸಿಕೊಂಡರು. ಔಷಧಿ ಸಿಗದ ತಾಯಂದಿರ ಮಕ್ಕಳು ಹೇಗಿರುತ್ತವೆಂದು ನರ್ಸಮ್ಮ ಹೇಳುತ್ತಿದ್ದಾಗ ನನ್ನ ಮಗುವನ್ನೇ ಕಂಡವರ ಹಾಗೆ ಹೇಳುತ್ತಿದ್ದರು. ನೀನು ಹೊಟ್ಟೆಯಲ್ಲಿದ್ದಾಗ ನಿಮ್ಮಪ್ಪ ನನ್ನನ್ನು ಎಲ್ಲೋ ದೂರದ ಡಾಕ್ಟರ ಹತ್ತಿರ ಕರೆದೊಯ್ದು, ಶಕ್ತಿಗೆ ಎಂದು ವಾರವಾರ ಇಂಜೆಕ್ಷನ್ ಹಾಕಿಸಿದ್ದರು. ತಾವೂ ಹಾಕಿಸಿಕೊಂಡಿದ್ದರು. ಅವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ, ಸಾಯುವವರೆಗೆ ಹೆತ್ತವಳದೇ ದೋಷ ಎಂಬ ಆ ಮಾತನ್ನು ನನ್ನ ತಲೆಯ ಮೇಲೇ ಬಿಟ್ಟರು. ಅಂಥ ಮನುಷ್ಯ ಕೂಡ ನಿನಗಾಗಿ ಸೂಜಿ ಚುಚ್ಚಿಸಿಕೊಂಡರು. ನೀನು ಅಷ್ಟೂ ಮಾಡಲಾರೆಯಾ?